ಬೆಳಗಿನ ಸೈಕಲ್, ಮನೆಯ ಗಡಿಯಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿಯಿಂದಲೂ ಬಂದ ಪತ್ರಗಳಲ್ಲಿ ಆಯ್ದ ಆರಕ್ಕೆ ಇಲ್ಲಿ ಉತ್ತರವಿದೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ವಯಸ್ಸು 41, ಬ್ಯಾಂಕ್ ಕೆಲಸ. ಹೆಂಡತಿ ಶಿಕ್ಷಕಿ, ಇಬ್ಬರು ಮಕ್ಕಳು, ಎಂಟಕ್ಕೆ ಶಾಲೆಯ ವ್ಯಾನು ಬರುತ್ತದೆ. ನನಗೆ ಸಿಗುವುದು ಬೆಳಿಗ್ಗೆ 5.15ರಿಂದ 6.45. ಸಿಕ್ಕಿದ ಹೊತ್ತನ್ನು ಹಾಳು ಮಾಡಬಾರದೆಂದು ದಿನವೂ ಪೂರ್ತಿ ದಮ್ಮು ಹಾಕಿ ತುಳಿಯುತ್ತೇನೆ. ಎರಡು ವಾರ ಆಗುವಷ್ಟರಲ್ಲಿ ಕಾಲು ಸೋತು, ಮನೆಯಲ್ಲೂ ಸಿಡಿಮಿಡಿ ಶುರುವಾಗಿ, ಸೈಕಲ್ ಮೂಲೆ ಸೇರುತ್ತದೆ. ಸ್ಟ್ಯಾಮಿನಾ ಬೆಳೆಸುವ ಸರಿಯಾದ ಕ್ರಮ ಯಾವುದು? — ಓದುಗರು, ಕಾರವಾರ

ಉತ್ತರ: ದಿನವೂ ದಮ್ಮು ಹಾಕುವುದೇ ಇಲ್ಲಿಯ ರೋಗ. ದೂರ ಹೋಗುವ ಶಕ್ತಿ ಬೆಳೆಯುವುದೆಂದರೆ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದು, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುವುದು, ಕೊಬ್ಬನ್ನು ಉರಿಸುವ ಸಾಮರ್ಥ್ಯ ಕೂಡಿಬರುವುದು. ಇವೆಲ್ಲ ನಿಧಾನ ಸವಾರಿಯಲ್ಲೇ ಚೆನ್ನಾಗಿ ಆಗುತ್ತವೆ. ಏದುಸಿರು ಬರುವ ವೇಗದಲ್ಲಿ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ ಬೇಗ ಖಾಲಿಯಾಗುತ್ತದೆ. ಅದು ತುಂಬಲು ಒಂದು ದಿನವಾದರೂ ಬೇಕು. ನೀವು ಮರುದಿನ ಬೆಳಗಾದರೆ ಮತ್ತೆ ಅದನ್ನೇ ಖರ್ಚು ಮಾಡುತ್ತಿದ್ದೀರಿ.

ಸರಿಯಾದ ವೇಗಕ್ಕೆ ಅಳತೆ ಮಾತು. ಎಂಟು ಹತ್ತು ಪದದ ಒಂದು ವಾಕ್ಯವನ್ನು ಮಧ್ಯೆ ಉಸಿರು ಎಳೆಯದೆ ಹೇಳಲು ಬರಬೇಕು, ಹಾಡಲು ಮಾತ್ರ ಬರಬಾರದು. ನಾಡಿ ನೋಡುವವರು 220ರಿಂದ ವಯಸ್ಸು ಕಳೆಯುತ್ತಾರೆ. ನಿಮಗೆ ಅದು 179. ಅದರ ಶೇಕಡಾ 60ರಿಂದ 75 ಎಂದರೆ ನಿಮಿಷಕ್ಕೆ ಸುಮಾರು 107ರಿಂದ 134. ಈ ಸೂತ್ರ ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುತ್ತದೆ, ಹಾಗಾಗಿ ಕೈಗಡಿಯಾರ ಒಂದು ಹೇಳಿ ಮಾತು ಇನ್ನೊಂದು ಹೇಳಿದರೆ ಮಾತನ್ನೇ ನಂಬಿ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಅದೇ ವೇಗಕ್ಕೆ ನಾಡಿ ಏರಿಯೇ ಇರುತ್ತದೆ. ಏಪ್ರಿಲ್–ಮೇನಲ್ಲಿ ವೇಗ ತಗ್ಗಿತೆಂದು ಬೇಸರ ಬೇಡ.

ಮೊದಲ ನಾಲ್ಕು ವಾರ ಹೀಗೆ ಮಾಡಿ. ಮಂಗಳವಾರ, ಗುರುವಾರ, ಶನಿವಾರ 40 ನಿಮಿಷ. ಭಾನುವಾರ 70 ನಿಮಿಷ. ಎಲ್ಲವೂ ಮಾತಾಡುವ ವೇಗದಲ್ಲಿ. ವಾರದಿಂದ ವಾರಕ್ಕೆ ಭಾನುವಾರದ ಸವಾರಿಯನ್ನಷ್ಟೇ ಹದಿನೈದು ನಿಮಿಷ ಹೆಚ್ಚಿಸಿ, ಉಳಿದ ದಿನ ಮುಟ್ಟಬೇಡಿ. ನಾಲ್ಕನೆಯ ವಾರ ಒಟ್ಟು ಹೊತ್ತನ್ನು ಮೂರರಲ್ಲಿ ಎರಡು ಭಾಗಕ್ಕೆ ಇಳಿಸಿ. ದೇಹ ಗಟ್ಟಿಯಾಗುವುದು ಈ ಇಳಿಸಿದ ವಾರದಲ್ಲಿ, ಮತ್ತು ಹೆಚ್ಚಿನವರು ತಪ್ಪಿಸುವುದೂ ಇದನ್ನೇ. ಎರಡು ತಿಂಗಳಾದ ಮೇಲೆ ಗುರುವಾರ ಒಂದು ದಿನ ಮಾತ್ರ ಗಟ್ಟಿಯಾಗಿ ತುಳಿಯಿರಿ: 10 ನಿಮಿಷ ಮೈ ಬಿಸಿ, ನಂತರ 4 ನಿಮಿಷ ಎರಡು ಮೂರು ಪದಕ್ಕಿಂತ ಹೆಚ್ಚು ಆಡಲಾಗದ ವೇಗ, 3 ನಿಮಿಷ ಹಗುರ, ಹೀಗೆ ನಾಲ್ಕು ಸುತ್ತು, ಕೊನೆಗೆ 10 ನಿಮಿಷ ಸುಮ್ಮನೆ. ಒಟ್ಟು 48 ನಿಮಿಷದಲ್ಲಿ ಮುಗಿಯುತ್ತದೆ. ನಾಲ್ಕನೆಯ ಸುತ್ತು ಮೊದಲನೆಯದಕ್ಕಿಂತ ಬಹಳ ನಿಧಾನವಾದರೆ ಮೊದಲನೆಯದನ್ನು ಹುಚ್ಚಾಪಟ್ಟೆ ತುಳಿದಿದ್ದೀರಿ ಎಂದರ್ಥ.

ದಾರಿಯ ಮಾತು. ಕೋಡಿಬಾಗದಿಂದ ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ ಕಡೆಗೆ ಹೋದರೆ ಹೆಚ್ಚುಕಡಿಮೆ ಸಮತಟ್ಟು, ನಾಡಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆದರೆ 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳು ಒಂದೇ ಸೇತುವೆಗೆ ಬಿದ್ದವು. ಕತ್ತಲಲ್ಲಿ ಅದನ್ನು ದಾಟುವ ಬದಲು ವಾರದ ದಿನಗಳಿಗೆ ಕಡವಾಡ, ಕದ್ರಾ ಕಡೆಯ ರಸ್ತೆ ಒಳ್ಳೆಯದು. ಬಿಣಗಾ ಕಡೆಗೆ ಏರು ಇದೆ, ಸುರಂಗವೂ ಇದೆ. ಬೆಳಕು ಹರಿಯುವ ಮೊದಲು ಆ ಕಡೆ ಬೇಡವೇ ಬೇಡ. ಇನ್ನೊಂದು ವಿಷಯ ಹೊರಗಿನವರಿಗೆ ಹೊಳೆಯುವುದಿಲ್ಲ: ಮೀನಿನ ಲಾರಿಗಳಿಂದ ಸೋರಿದ ನೀರು ತಿರುವುಗಳಲ್ಲಿ ಜಿಡ್ಡಾಗಿ ನಿಂತಿರುತ್ತದೆ. ಅಲ್ಲಿ ಬ್ರೇಕ್ ಒತ್ತದೆ, ಸೈಕಲ್ ವಾಲಿಸದೆ ನೇರವಾಗಿ ದಾಟಿ.

ಇನ್ನು ಮನೆ. ದೂರ ನೋಡಿ ತಿರುಗಬೇಡಿ, ಗಡಿಯಾರ ನೋಡಿ ತಿರುಗಿ. 6.45ಕ್ಕೆ ಮನೆಯಲ್ಲಿರಬೇಕಾದವರು 5.50ಕ್ಕೆ ಎಲ್ಲಿದ್ದರೂ ತಿರುಗಬೇಕು. ಉಳಿಯುವ ಹೆಚ್ಚುವರಿ ನಿಮಿಷಗಳು ಒಂದು ಪಂಕ್ಚರಿಗೆ. ಹೇಳಿದ ಹೊತ್ತಿಗೆ ಬಾಗಿಲಲ್ಲಿ ಇರುವ ಸವಾರನ ಸೈಕಲ್ಲಿಗೆ ಯಾವ ಮನೆಯಲ್ಲೂ ವಿರೋಧ ಇರುವುದಿಲ್ಲ. ಸೋಮವಾರ, ಬುಧವಾರ ಅಡುಗೆಮನೆ, ಮಕ್ಕಳ ಡಬ್ಬಿ ನಿಮ್ಮ ಪಾಲಿಗಿರಲಿ. ಆ ಎರಡು ಬೆಳಗು ಹೆಂಡತಿಯವು: ವಾಕಿಂಗ್ ಹೋಗಲಿ, ಮಲಗಲಿ, ಅವರಿಗೆ ಬಿಟ್ಟದ್ದು. ಅವರ ನಿದ್ದೆ ಕೆಡಿಸಿ ಕಟ್ಟಿದ ಸ್ಟ್ಯಾಮಿನಾ ಮೂರು ತಿಂಗಳು ಬಾಳುವುದಿಲ್ಲ. ಬಟ್ಟೆ, ಬಾಟಲಿ, ದೀಪ, ಗಾಳಿ ಎಲ್ಲ ರಾತ್ರಿಯೇ ಮುಗಿದಿರಬೇಕು. ಬೆಳಿಗ್ಗೆ ಪಂಪು ಹುಡುಕುತ್ತ ಕಪಾಟು ಬಡಿದರೆ ಮಕ್ಕಳು ಏಳುತ್ತಾರೆ, ಸವಾರಿ ಅಲ್ಲಿಗೇ ಮುಗಿಯುತ್ತದೆ.

ಸುಧಾರಣೆ ಅಳೆಯಲು ನಾಲ್ಕು ವಾರಕ್ಕೊಮ್ಮೆ ಒಂದೇ ರಸ್ತೆಯಲ್ಲಿ, ಒಂದೇ ನಾಡಿಯಲ್ಲಿ 20 ನಿಮಿಷ ತುಳಿದು ದೂರ ಬರೆದಿಡಿ. ನಾಡಿ ಅದೇ ಇದ್ದು ದೂರ ಬೆಳೆದರೆ ಕ್ರಮ ಸರಿ ಇದೆ.

ಪ್ರಶ್ನೆ: ಅಡಿಕೆ ತೋಟ ಇದೆ, ವಯಸ್ಸು 54. ಸಕ್ಕರೆ ಕಾಯಿಲೆಗೆ, ಬಿಪಿಗೆ ಮಾತ್ರೆ ನಡೆಯುತ್ತಿದೆ. ಡಾಕ್ಟರು ಸೈಕಲ್ ಹೊಡೆಯಿರಿ ಅಂದರು, ಮಗ 21 ಗೇರಿನ ಸೈಕಲ್ ತಂದುಕೊಟ್ಟ. ನಮ್ಮ ಕಡೆ ಎಲ್ಲಿ ಹೋದರೂ ಏರು. ಅರ್ಧ ಏರಿಗೆ ಇಳಿದು ತಳ್ಳುವುದೇ ಆಗಿದೆ. — ಓದುಗರು, ಶಿರಸಿ ತಾಲೂಕು

ಉತ್ತರ: ಗೇರು ಇದ್ದೂ ತಳ್ಳುವುದೆಂದರೆ ಹೆಚ್ಚಾಗಿ ಗೇರು ಬದಲಿಸುವ ಹೊತ್ತು ತಪ್ಪಿದೆ. ಏರು ಶುರುವಾಗುವ ಮೊದಲೇ, ಪೆಡಲು ಹಗುರವಾಗಿ ತಿರುಗುತ್ತಿರುವಾಗ, ಎಡಗೈಯಿಂದ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ ಇಳಿಸಿ. ಏರಿನ ಮಧ್ಯೆ ಒತ್ತಿ ತುಳಿಯುತ್ತಲೇ ಬದಲಿಸಿದರೆ ಚೈನು ಕರಕರ ಎಂದು ಕಚ್ಚುತ್ತದೆ, ಇಲ್ಲವೇ ಒಳಗೆ ಬೀಳುತ್ತದೆ. ನಂತರ ಬಲಗೈಯಿಂದ ಹಿಂದಿನ ದೊಡ್ಡ ಹಲ್ಲುಗಳಿಗೆ ಒಂದೊಂದಾಗಿ ಹೋಗಿ. ಇಂಥ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಿಕ್ಕದಕ್ಕೆ 28 ಹಲ್ಲು, ಹಿಂದಿನ ದೊಡ್ಡದಕ್ಕೂ 28. ಆ ಜೋಡಿಯಲ್ಲಿ ಪೆಡಲಿನ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು. ಗಂಟೆಗೆ 7–8 ಕಿ.ಮೀ. ವೇಗ ಬಂದರೂ ನಾಚಿಕೆ ಬೇಡ, ಕುಳಿತೇ ತುಳಿಯಿರಿ, ನಿಮಿಷಕ್ಕೆ 60 ಸುತ್ತಿಗಿಂತ ಕೆಳಗೆ ಬೀಳದಿದ್ದರೆ ಸಾಕು. ಅದರಲ್ಲೂ ಉಸಿರು ಕಟ್ಟಿದರೆ ಹಿಂದಿನ ಫ್ರೀವೀಲನ್ನು 34 ಹಲ್ಲಿನದಕ್ಕೆ ಬದಲಿಸಬಹುದು. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್ ಅಷ್ಟು ದೊಡ್ಡ ಹಲ್ಲನ್ನು ತಾಳುತ್ತದೆಯೇ ಎಂದು ಅಂಗಡಿಯಲ್ಲಿ ಮೊದಲು ಕೇಳಿ, ಚೈನೂ ಒಂದೆರಡು ಕೊಂಡಿ ಉದ್ದ ಬೇಕಾದೀತು.

ಮೊದಲ ತಿಂಗಳು ದೇವಿಮನೆ ಘಟ್ಟದ ಕಡೆ ನೋಡಲೇಬೇಡಿ. ಬನವಾಸಿ ರಸ್ತೆಯ ಏರಿಳಿತ ಮಿದು, ಅಲ್ಲಿ 30 ನಿಮಿಷದಿಂದ ಶುರು ಮಾಡಿ. ಡಿಸೆಂಬರ್, ಜನವರಿಯ ಮಂಜಿನಲ್ಲಿ ಎದುರಿನವರಿಗೆ ನೀವು ಕಾಣುವುದಿಲ್ಲ. ಏಳು ಗಂಟೆಗೆ ಮೊದಲು ಹೊರಡುವ ಅವಸರ ನಿಮ್ಮ ಕಸುಬಿನವರಿಗೆ ಇಲ್ಲವಷ್ಟೆ.

ಮಾತ್ರೆಗಳ ವಿಷಯದಲ್ಲಿ ಜಾಗ್ರತೆ ಬೇಕು. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಖಾಲಿ ಹೊಟ್ಟೆಯ ಸವಾರಿಯಲ್ಲಿ ಸಕ್ಕರೆ ಏಕಾಏಕಿ ಇಳಿಯಬಹುದು. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಆ ಭಯ ಬಹಳ ಕಡಿಮೆ. ಹೊರಡುವ ಮೊದಲು ಅಳೆದು 100ಕ್ಕಿಂತ ಕಡಿಮೆ ಇದ್ದರೆ ಒಂದೆರಡು ಬಾಳೆಹಣ್ಣು ತಿಂದು ಹೊರಡಿ. ಜೇಬಿನಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಇರಲಿ, ಅದು ಸುಮಾರು 15 ಗ್ರಾಂ. ಕೈ ನಡುಗಿ, ತಣ್ಣನೆ ಬೆವರು ಬಂದರೆ ಇಳಿದು ಅದನ್ನು ತಿನ್ನಿ, 15 ನಿಮಿಷ ಕುಳಿತುಕೊಳ್ಳಿ, ಸರಿಯಾಗದಿದ್ದರೆ ಇನ್ನೊಮ್ಮೆ ತಿನ್ನಿ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಮಾದರಿಯ ಮಾತ್ರೆ ಇದ್ದರೆ ನಾಡಿ ಹೆಚ್ಚು ಏರುವುದಿಲ್ಲ, ಆದ್ದರಿಂದ ಹಿಂದಿನ ಉತ್ತರದ ಲೆಕ್ಕ ನಿಮಗೆ ಬೇಡ. ಮಾತಿನ ಅಳತೆಯೇ ಸಾಕು. ಎದೆ ಬಿಗಿತ, ಎಡಗೈ ಅಥವಾ ದವಡೆಯ ನೋವು, ತಲೆ ತಿರುಗುವುದು — ಇವು ಬಂದ ದಿನ ಸವಾರಿ ಅಲ್ಲೇ ನಿಲ್ಲಿಸಿ ನೇರ ಆಸ್ಪತ್ರೆಗೆ.

ಪ್ರಶ್ನೆ: ನಾನು ಗೃಹಿಣಿ, 36 ವರ್ಷ. ಬೆಳಿಗ್ಗೆ ಐದಕ್ಕೆ ಯಜಮಾನರ ಸೈಕಲ್ಲಿನಲ್ಲಿ ಮುಕ್ಕಾಲು ಗಂಟೆ ಹೋಗಿ ಬರುತ್ತೇನೆ. ಮಂಡಿಯ ಮುಂಭಾಗ ನೋಯುತ್ತದೆ, ಕಿರುಬೆರಳು ಜೋಮು ಹಿಡಿಯುತ್ತದೆ. ನಾಯಿಗಳ ಕಾಟ ಬೇರೆ. — ಓದುಗರು, ಕುಮಟಾ

ಉತ್ತರ: ಮಂಡಿಯ ಮುಂದೆ ನೋವು ಬಂದರೆ ಸೀಟು ಕೆಳಗಿದೆ, ಹಿಂದೆ ಬಂದರೆ ಮೇಲಿದೆ ಎಂದು ಹಿಡಿಯಿರಿ, ಹತ್ತರಲ್ಲಿ ಎಂಟು ಸಲ ಇದೇ ಸರಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ಪುಸ್ತಕವನ್ನು ಕಾಲುಗಳ ಸಂದಿನಲ್ಲಿ ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿಗೆ ಅಳೆಯಿರಿ. ಬಂದದ್ದನ್ನು 0.883ರಿಂದ ಗುಣಿಸಿ. 72 ಸೆಂ.ಮೀ. ಬಂದರೆ 63.6. ಪೆಡಲಿನ ಎರಡೂ ತೋಳುಗಳು ತಿರುಗುವ, ಫ್ರೇಮಿನೊಳಗಿನ ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಮೈಗೆ ಅಷ್ಟು ಇರಲಿ. ಟೇಪು ಸಿಗದಿದ್ದರೆ ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಡಿ, ಕಾಲು ಪೂರ್ತಿ ನೇರವಾಗಬೇಕು. ಈಗ ಇರುವುದಕ್ಕೂ ಇದಕ್ಕೂ ಅಂತರ ಹೆಚ್ಚಿದ್ದರೆ ಒಮ್ಮೆಗೇ ಏರಿಸಬೇಡಿ, ಎರಡು ಸವಾರಿಗೆ 5 ಮಿ.ಮೀ.ನಂತೆ. ಸೀಟಿನ ಕೊಳವೆಯ ಮೇಲೆ ಗೀಚಿದ ಗೆರೆ ಹೊರಗೆ ಕಂಡರೆ ಅದು ಮುರಿಯುವ ಎತ್ತರ, ಅಲ್ಲಿಗೆ ನಿಲ್ಲಿಸಿ. ಆಮೇಲೆ ಪೆಡಲುಗಳನ್ನು ನೆಲಕ್ಕೆ ಸಮನಾಗಿ ನಿಲ್ಲಿಸಿ, ದಾರಕ್ಕೊಂದು ನಟ್ಟು ಕಟ್ಟಿ ಮುಂದಿನ ಮಂಡಿಚಿಪ್ಪಿನಿಂದ ಇಳಿಬಿಡಿ. ದಾರ ಪೆಡಲಿನ ಅಚ್ಚಿಗೆ ಬೀಳಬೇಕು. ಅಚ್ಚಿಗಿಂತ ಮುಂದೆ ಬಿದ್ದರೆ ಸೀಟನ್ನು ಹಿಂದಕ್ಕೆ ಸರಿಸಿ.

ಮಂಡಿಗೆ ಇನ್ನೊಂದು ಶತ್ರು ಭಾರದ ಗೇರು. 15 ಸೆಕೆಂಡಿಗೆ ಬಲಗಾಲು ಎಷ್ಟು ಸಲ ಕೆಳಗೆ ಹೋಗುತ್ತದೆ ಎಣಿಸಿ. ಸಮತಟ್ಟಿನಲ್ಲಿ 20 ಬರಬೇಕು, 13–14 ಬಂದರೆ ಗೇರು ಇಳಿಸಿ.

ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುವುದು ಅಂಗೈಯ ಹೊರ ಅಂಚಿನ ನರ ಒತ್ತಿದಾಗ. ಯಜಮಾನರ ಅಳತೆಯ ಸೈಕಲ್ ನಿಮಗೆ ಉದ್ದವಾಗಿದೆ, ಮೈಭಾರ ಕೈ ಮೇಲೆ ಬೀಳುತ್ತಿದೆ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಅದನ್ನು ಸಮ ಮಾಡಿ. ಹ್ಯಾಂಡಲನ್ನು ಫ್ರೇಮಿಗೆ ಜೋಡಿಸುವ ತುಂಡನ್ನು 20–30 ಮಿ.ಮೀ. ಗಿಡ್ಡದ್ದಕ್ಕೆ ಬದಲಿಸಿ, ಸಾಧ್ಯವಾದರೆ ಮೇಲ್ಮುಖವಾಗಿ ಬಾಗಿದ್ದು. ಹಾಗೆಯೇ ಹೆಂಗಸರ ಸೊಂಟದ ಮೂಳೆಯ ಅಂತರ ಸಾಮಾನ್ಯವಾಗಿ ಅಗಲ, ಗಂಡಸರ ಕಿರಿದಾದ ಸೀಟು ಹೊಂದುವುದಿಲ್ಲ. ಮೆತ್ತನೆಯ ಜೆಲ್ ಕವರ್ ಹಾಕಿದರೆ ಮೂಳೆ ಒಳಗಿಳಿದು ಒತ್ತಡ ನಡುವಿಗೆ ಬರುತ್ತದೆ. ಅದಕ್ಕಿಂತ ಅಗಲವಾದ, ಸ್ವಲ್ಪ ಗಟ್ಟಿ ಸೀಟು ವಾಸಿ. ಮನೆಯಲ್ಲಿ ಇಬ್ಬರೂ ಸವಾರರಾದರೆ ಸೀಟಿನ ಕೊಳವೆಗೆ ಎರಡು ಬಣ್ಣದ ಟೇಪು ಸುತ್ತಿ ಗುರುತು ಮಾಡಿ.

ನಾಯಿ ಅಟ್ಟಿದಾಗ ವೇಗ ಹೆಚ್ಚಿಸಿದರೆ ಅಟ್ಟುವುದೂ ಹೆಚ್ಚುತ್ತದೆ. ಇಳಿಯಿರಿ, ಸೈಕಲನ್ನು ನಿಮ್ಮ ಮತ್ತು ನಾಯಿಯ ನಡುವೆ ಇಟ್ಟು, ಬೆನ್ನು ತೋರಿಸದೆ ನಡೆಯಿರಿ; ಹತ್ತಿಪ್ಪತ್ತು ಹೆಜ್ಜೆಗೆ ಅದರ ಎಲ್ಲೆ ಮುಗಿಯುತ್ತದೆ. ಕಚ್ಚಿದರೆ ಅಥವಾ ಪರಚಿದರೂ ಸಾಬೂನು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಯಲ್ಲಿ ರೇಬೀಸ್ ಚುಚ್ಚುಮದ್ದು ಶುರು ಮಾಡಿ. ಅರಿಶಿನ, ಸುಣ್ಣ ಬೇಡ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಏಳರ ಹೊತ್ತಿಗೆ, ಆದ್ದರಿಂದ ನಿಮ್ಮ ಸವಾರಿ ಪೂರ್ತಿ ಕತ್ತಲಲ್ಲಿ. ಊರೊಳಗಿನ ದೀಪವಿರುವ ಬೀದಿಗಳಲ್ಲೇ ಸುತ್ತು ಹಾಕಿ, ಹಿಂದೆ ಕೆಂಪು ದೀಪ ಉರಿಯುತ್ತಲೇ ಇರಲಿ. ದೀಪವಿಲ್ಲದ ರಸ್ತೆಗೆ ಮುಂದಿನ ದೀಪ 300 ಲೂಮೆನ್‌ಗೆ ಕಡಿಮೆ ಇದ್ದರೆ ಹೊಂಡ ಕಾಣುವಷ್ಟರಲ್ಲಿ ಚಕ್ರ ಅದರೊಳಗಿರುತ್ತದೆ.

ಪ್ರಶ್ನೆ: ಸವಾರಿಗೆ ಮೊದಲು ಏನು ತಿನ್ನಬೇಕು? ಖಾಲಿ ಹೊಟ್ಟೆಯಲ್ಲಿ ಹೋದರೆ ಕೊಬ್ಬು ಬೇಗ ಕರಗುತ್ತದಂತೆ? — ಓದುಗರು, ಹೊನ್ನಾವರ

ಉತ್ತರ: ಗಂಟೆಯೊಳಗಿನ ಹಗುರ ಸವಾರಿಗೆ ಒಂದು ಲೋಟ ನೀರು, ಬೇಕಿದ್ದರೆ ಕಾಫಿ, ಅಷ್ಟೇ ಸಾಕು. ಆ ಹೊತ್ತಿನಲ್ಲಿ ಕೊಬ್ಬು ಸ್ವಲ್ಪ ಹೆಚ್ಚು ಉರಿಯುವುದು ನಿಜ; ಆದರೆ ತೂಕ ಇಳಿಯುವುದು ದಿನದ ಒಟ್ಟು ಊಟದ ಲೆಕ್ಕದಲ್ಲಿ. ಹಸಿದು ಬಂದು ಆರು ಇಡ್ಲಿ ಹೆಚ್ಚು ಇಳಿಸುವವರಿಗೆ ಯಾವ ಲಾಭವೂ ಇಲ್ಲ. ಒಂದೂವರೆ ಗಂಟೆ ದಾಟಿದರೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ–ಪಿಷ್ಟ ಬೇಕು: ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, ನಿಂಬೆ ಗಾತ್ರದ ಬೆಲ್ಲದ ಉಂಡೆಯಲ್ಲಿ ಅಷ್ಟೇ ಅಥವಾ ತುಸು ಹೆಚ್ಚು. ಹಸಿವಾಗುವ ಮೊದಲೇ ತಿನ್ನಿ. ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಹುಳಿಗೆ ಮುರುಗಲ ರಸ ಸೇರಿಸಿದರೆ ಪೊಟ್ಟಣದ ಪುಡಿಗೆ ದುಡ್ಡು ಹಾಕಬೇಕಿಲ್ಲ. ಉಪ್ಪನ್ನು ಕಣ್ಣಳತೆಯಲ್ಲಿ ಹಾಕಬೇಡಿ. ಬಿಪಿ ಇರುವವರಿಗೆ ಇದು ಬೇಡ, ಬರೀ ನೀರು ಸಾಕು.

ಪ್ರಶ್ನೆ: ಮಳೆಗಾಲದಲ್ಲಿ ಚೈನು ಹದಿನೈದು ದಿನಕ್ಕೆ ಕೆಂಪಾಗುತ್ತದೆ. ತೆಂಗಿನೆಣ್ಣೆ ಬಿಡುತ್ತಿದ್ದೇನೆ. ಮೂರು ತಿಂಗಳು ಸವಾರಿ ನಿಂತರೆ ಗಳಿಸಿದ್ದೆಲ್ಲ ಹೋಗುತ್ತದೆಯೇ? — ಓದುಗರು, ಅಂಕೋಲಾ

ಉತ್ತರ: ತೆಂಗಿನೆಣ್ಣೆ ತಲೆಗೆ. ಚೈನಿನ ಮೇಲೆ ಅದು ಮಳೆಗೆ ನಿಲ್ಲುವುದಿಲ್ಲ, ನಿಂತದ್ದು ಧೂಳು ಕೂಡಿ ಅಂಟಾಗುತ್ತದೆ. ಘಟ್ಟದ ಮೇಲಿನ ಚಳಿಗೆ ಹೆಪ್ಪುಗಟ್ಟುವುದು ಬೇರೆ. ಹೊಲಿಗೆ ಯಂತ್ರದ ಎಣ್ಣೆ ತೀರ ತೆಳು, ಎಂಜಿನ್ ಆಯಿಲ್ ತೀರ ದಪ್ಪ. ಮಳೆಗಾಲಕ್ಕೆಂದೇ ‘ವೆಟ್ ಲ್ಯೂಬ್’ ಎಂದು ಸಿಗುತ್ತದೆ, ಅದನ್ನು ತನ್ನಿ.

ಒದ್ದೆಯಾಗಿ ಬಂದ ದಿನ ಒಂದು ಬಕೆಟ್ ಸಿಹಿನೀರು ಸುರಿದು ಉಪ್ಪು, ಕೆಸರು ತೊಳೆಯಿರಿ. ಬೈಕ್ ತೊಳೆಯುವ ಪ್ರೆಶರ್ ಪಂಪು ಬೇಡ, ಚಕ್ರದ ನಡುವಿನ ಹಬ್ಬಿನೊಳಗೆ ನೀರು ನುಗ್ಗಿ ಗ್ರೀಸ್ ಹೋಗುತ್ತದೆ. ಹಳೆ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲು ಹಿಂದಕ್ಕೆ ತಿರುಗಿಸಿ ಒರೆಸಿ. ಪೂರ್ತಿ ಒಣಗಿದ ಮೇಲೆ ಚೈನಿನ ಕೊಂಡಿಗಳ ನಡುವಿನ ಒಂದೊಂದು ರೋಲರಿಗೆ ಒಂದೇ ಹನಿ ಬಿಡಿ. ಇಡೀ ಚೈನಿಗೆ ಒಂದು ಟೀ ಚಮಚ ಸಾಕು. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಹೊರಮೈ ಒರೆಸಿ. ಎಣ್ಣೆ ಕೆಲಸ ಮಾಡುವುದು ರೋಲರಿನ ಒಳಗೆ, ಹೊರಗೆ ಉಳಿದದ್ದು ಮರಳನ್ನು ಕರೆಯುತ್ತದೆ ಅಷ್ಟೇ. ಈ ಒರೆಸುವ ಕೆಲಸ ಬಿಟ್ಟವರ ಚೈನೇ ಬೇಗ ಸವೆಯುವುದು.

ಸವೆತ ನೋಡಲು ಸ್ಟೀಲ್ ಪಟ್ಟಿ ಹಿಡಿಯಿರಿ. ಹೊಸ ಚೈನಿನಲ್ಲಿ ಒಂದು ಪಿನ್ನಿನ ಮಧ್ಯದಿಂದ ಅದರ ಮುಂದಿನ 24ನೆಯ ಪಿನ್ನಿನ ಮಧ್ಯಕ್ಕೆ ಸರಿಯಾಗಿ 12 ಇಂಚು. ಅದು 12 ಇಂಚು ಮತ್ತು ಹದಿನಾರರಲ್ಲೊಂದು ಭಾಗ ಆದಾಗ ಚೈನು ಬದಲಿಸಿದರೆ ಫ್ರೀವೀಲ್ ಉಳಿಯುತ್ತದೆ. ಎಂಟರಲ್ಲೊಂದು ಭಾಗ ದಾಟಿದರೆ ಎರಡನ್ನೂ ಕೊಳ್ಳಬೇಕು. ಕರಾವಳಿಯವರು ಇನ್ನೊಂದು ಮರೆಯುತ್ತಾರೆ: ಅಲ್ಯುಮಿನಿಯಂ ಫ್ರೇಮಿನೊಳಗೆ ಸೀಟಿನ ಕೊಳವೆ ಉಪ್ಪುಗಾಳಿಗೆ ಬೆಸೆದಂತೆ ಕಚ್ಚಿಕೊಳ್ಳುತ್ತದೆ. ಎರಡು ತಿಂಗಳಿಗೊಮ್ಮೆ ಹೊರತೆಗೆದು ಗ್ರೀಸ್ ಸವರಿ. ರಿಮ್ ಬ್ರೇಕ್ ಇದ್ದರೆ ಶೂಗಳಲ್ಲಿ ಹೊಕ್ಕ ಮರಳು ಕಣಗಳನ್ನು ಪಿನ್ನಿನಿಂದ ಕಿತ್ತು ಹಾಕಿ, ಇಲ್ಲವಾದರೆ ಅವು ರಿಮ್ಮನ್ನೇ ಉಜ್ಜುತ್ತವೆ.

ಗಳಿಸಿದ್ದು ಎಲ್ಲ ಹೋಗುವುದಿಲ್ಲ. ತೀವ್ರತೆ ಉಳಿಸಿಕೊಂಡರೆ ವಾರಕ್ಕೆ ಎರಡೇ ದಿನದಲ್ಲಿ ಮೂರು ತಿಂಗಳು ಹೆಚ್ಚಿನ ಪಾಲು ಕಾಪಾಡಬಹುದು. ಹಿಂದಿನ ಚಕ್ರ ಕೂರಿಸುವ ಟ್ರೈನರ್ ಇದ್ದರೆ ಜಗಲಿಯಲ್ಲಿ 35 ನಿಮಿಷ ಸಾಕು, ಎದುರಿಗೆ ಫ್ಯಾನ್ ಕಡ್ಡಾಯ. ಹ್ಯಾಂಡಲ್ ಮೇಲೆ ಟವೆಲ್ ಹಾಸಿ, ಬೆವರಿನ ಉಪ್ಪು ಮಳೆಗಿಂತ ಕೆಟ್ಟದಾಗಿ ಬೋಲ್ಟು ತಿನ್ನುತ್ತದೆ. ಟ್ರೈನರ್ ಇಲ್ಲದವರು ಮೆಟ್ಟಿಲು ಹತ್ತಿಳಿಯಬಹುದು. ಮಳೆ ಬಿಟ್ಟ ದಿನ ರಸ್ತೆಗೆ ಇಳಿದರೆ ಟೈರಿನ ಗಾಳಿ 5 ಪಿಎಸ್‌ಐ ಕಡಿಮೆ ಇರಲಿ. ಗುಡ್ಡ ಕಡಿದು ಮಾಡಿದ ಹೆದ್ದಾರಿಯ ಭಾಗಗಳಿಗೆ ಮಾತ್ರ ರೆಡ್, ಆರೆಂಜ್ ಅಲರ್ಟಿನ ದಿನ ಹೋಗಲೇಬೇಡಿ. 2024ರ ಜುಲೈ 16ರಂದು ನಿಮ್ಮದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದದ್ದೂ ಬೆಳಗಿನ ಹೊತ್ತಿನಲ್ಲೇ.

ಪ್ರಶ್ನೆ: ಎಂಟು ತಿಂಗಳ ಕೂಸಿದೆ, ರಾತ್ರಿ ನಿದ್ದೆ ಇಲ್ಲ. ಆದರೂ 200 ಕಿ.ಮೀ. ಬ್ರೆವೆ (ಗೊತ್ತುಪಡಿಸಿದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸುವ ಆಸೆ. ಭಾನುವಾರ ಎಷ್ಟು ಹೊಡೆಯಬೇಕು? — ಓದುಗರು, ಭಟ್ಕಳ

ಉತ್ತರ: ಐದು ಗಂಟೆಗಿಂತ ಕಡಿಮೆ ನಿದ್ದೆಯಾದ ಬೆಳಿಗ್ಗೆ ಅಲಾರಂ ಆರಿಸಿ ಮಲಗಿ. ಆ ದಿನದ ಸವಾರಿ ಲೆಕ್ಕಕ್ಕೆ ಬರುವುದಿಲ್ಲ, ಹೆದ್ದಾರಿಯಲ್ಲಿ ಕಣ್ಣು ಕೂಡಿದರೆ ಅಪಾಯ ಬೇರೆ. ತಪ್ಪಿದ್ದನ್ನು ಮರುದಿನಕ್ಕೆ ಕೂಡಿಸಲೂ ಬೇಡಿ.

200 ಕಿ.ಮೀ.ಗೆ ಕೊಡುವ ಹೊತ್ತು ಹದಿಮೂರೂವರೆ ಗಂಟೆ. ಗಂಟೆಗೆ 20ರಂತೆ ತುಳಿದರೆ ಹತ್ತು ಗಂಟೆ, ಉಳಿದ ಮೂರೂವರೆ ಗಂಟೆ ಊಟ, ಪಂಕ್ಚರ್, ನೆರಳಿಗೆ. ಆದ್ದರಿಂದ ವೇಗ ನಿಮ್ಮ ಚಿಂತೆಯಲ್ಲ, ಕೂರುವ ಶಕ್ತಿ. ಈಗ ವಾರದ ದಿನಗಳ ಸವಾರಿ ಎರಡಕ್ಕೆ ಇಳಿಸಿ, ಉದ್ದದ ಸವಾರಿಯನ್ನು ಎರಡು ಭಾನುವಾರಕ್ಕೊಮ್ಮೆ ಇಟ್ಟುಕೊಳ್ಳಿ: 50, 65, 80, 100, 120. ಹತ್ತು ವಾರದಲ್ಲಿ ಮುಗಿಯುತ್ತದೆ. 120 ಆರಾಮಾಗಿ ಆದವರಿಗೆ 200 ಆಗುತ್ತದೆ. ನಡುವಿನ ಭಾನುವಾರ ಪೂರ್ತಿ ಕೂಸಿಗೆ ಮತ್ತು ತಾಯಿಗೆ. ಫೆಬ್ರವರಿಯಿಂದ ಮೇವರೆಗೆ ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಮೆಲ್ಲಗೆ, ಹನ್ನೊಂದರ ನಂತರ ವಾಯವ್ಯದ ಕಡಲಗಾಳಿ ಜೋರು. ಹೊರಡುವಾಗ ಹೊನ್ನಾವರದ ಕಡೆ ಉತ್ತರಕ್ಕೆ ಹೋಗಿ, ಬಿಸಿಲೇರಿದ ಮೇಲೆ ತಿರುಗಿದರೆ ಗಾಳಿ ಬೆನ್ನಿಗಿರುತ್ತದೆ. ಬೈಂದೂರಿನ ಕಡೆ ದಕ್ಷಿಣಕ್ಕೆ ಹೋದವರಿಗೆ ಕೊನೆಯ 30 ಕಿ.ಮೀ. ಎದುರುಗಾಳಿಯೇ.